ಸಂಕ್ರಾಂತಿಗೆ ಬಿಟ್ಟ ಮೊಲ

ನಾನು ಸಾಕಿದ ಮೊಲವನ್ನು ನಾಯಿ ಹಿಡಿದು ಕೊಂದಿತು ಎಂದು ಇಷ್ಟು ವರ್ಷವೂ ಹೇಳಿಕೊಂಡು ಬಂದಿದ್ದೇನೆ. ಅದೇನೂ ಸುಳ್ಳಲ್ಲ, ಇಡೀ ಊರು ಕಣ್ಣಾರೆ ಕಂಡದ್ದು. ಮುಂದೆ ನ್ಯಾಮತಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಸೇರಿದಾಗ ಜೊತೆಯವರಿಗೆ ಹೇಳಿದ್ದೂ ಅಷ್ಟೇ, ಹೊನ್ನಾಳಿಯಲ್ಲಿ ಸಂಸಾರ ಹೂಡಿದ ಮೇಲೆ ಮಕ್ಕಳಿಗೆ ಹೇಳಿದ್ದೂ ಅಷ್ಟೇ. ಕೇಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಆ ಅಯ್ಯೋ ಪಾಪವನ್ನು ಸ್ವೀಕರಿಸುತ್ತಿದ್ದೆ. ಈಚೆಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳಲು ಶುರುವಾಗಿದೆ. ಆದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ.

ನಮ್ಮದು ಜಗಳೂರಿಗೆ ಎರಡು ಹರದಾರಿ ದೂರದ ಸಣ್ಣ ಊರು. ಊರ ಸುತ್ತ ಹತ್ತಿ ಮತ್ತು ಜೋಳದ ಹೊಲ, ಅದರಾಚೆ ಕಾರೆ, ಜಾಲಿ, ತಂಗಡಿ ಬೆಳೆದ ಕುರುಚಲು ಕಾಡು. ಅದನ್ನು ನಾವು ಅಡವಿ ಎನ್ನುತ್ತಿದ್ದೆವು. ಅಪ್ಪ ಪಿಂಜಾರ. ಅರಳೆ ಹಿಂಜಿ ಗಾದಿ, ದಿಂಬು ತುಂಬಿಕೊಡುವುದು ಅವನ ಕಸುಬು. ಊರಲ್ಲಿ ಮುಸಲ್ಮಾನರ ಮನೆ ಎಂದರೆ ನಮ್ಮದೊಂದು, ಚಿಕ್ಕಪ್ಪನದೊಂದು. ಅಪ್ಪನಿಗೆ ನಮಾಜು ಬರುತ್ತಿತ್ತು, ಉರ್ದು ಬರುತ್ತಿರಲಿಲ್ಲ. ಮನೆಮಾತು ಕನ್ನಡವೇ. ಪಡಸಾಲೆಯ ತೊಲೆಗೆ ಆಳುದ್ದದ ಬಿಲ್ಲು ತೂಗುಬಿಟ್ಟಿರುತ್ತಿತ್ತು. ಅದರ ನರದ ಹುರಿಯನ್ನು ಅಪ್ಪ ಮರದ ಕೊಡತಿಯಿಂದ ಹೊಡೆಯುತ್ತ ಕೂತರೆ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಟೊಂಯ್ ಟೊಂಯ್ ಸದ್ದು, ಗಾಳಿಯಲ್ಲೆಲ್ಲ ಅರಳೆಯ ಎಳೆ. ನಮ್ಮ ಅನ್ನದಲ್ಲೂ ಅರಳೆ ಇರುತ್ತಿತ್ತು ಎಂದರೆ ಹೆಚ್ಚಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನನಗೆ ಒಂಬತ್ತೋ ಹತ್ತೋ. ಶಿವರಾತ್ರಿ ಕಳೆದಿತ್ತು. ಹತ್ತಿ ಬಿಡಿಸುವ ಹೆಂಗಸರು ಕಟ್ಟಿಕೊಟ್ಟ ಗಂಟನ್ನು ಅಪ್ಪ ತಂದು ಪಡಸಾಲೆಯಲ್ಲಿ ಬಿಚ್ಚಿದರೆ ಒಳಗೆ ಒಂದು ಮೊಲದ ಮರಿ. ಕಣ್ಣು ಬಿಟ್ಟಿತ್ತು, ಅಂಗೈಯಲ್ಲಿ ಹಿಡಿಸುತ್ತಿತ್ತು. ಹೊಲದಲ್ಲಿ ಸಿಕ್ಕಿದ್ದನ್ನು ಯಾವಳೋ ತಮಾಷೆಗೆ ಗಂಟಿನಲ್ಲಿ ಇಟ್ಟಿದ್ದಳೋ, ಗೊತ್ತಿಲ್ಲದೆ ಸೇರಿತ್ತೋ ತಿಳಿಯಲಿಲ್ಲ. ಅಮ್ಮ "ಇದು ಸಂಜೀತನಕ ಉಳಿಯಾಕಿಲ್ಲ" ಎಂದಳು. ನಾನು ಹಟ ಹಿಡಿದೆ. ಅರಳೆಯ ಬತ್ತಿ ಹೊಸೆದು, ಆಡಿನ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟೆ. ಮೂರು ದಿನ ಅದು ಉಳಿಯುತ್ತದೋ ಇಲ್ಲವೋ ಎಂದು ಅಪ್ಪನೂ ಕೊಡತಿ ಇಟ್ಟು ಬಂದು ಬಂದು ನೋಡುತ್ತಿದ್ದ. ನಾಲ್ಕನೆಯ ದಿನ ಬತ್ತಿಯನ್ನೇ ಜಗಿದು ಹಾಕಿತು. ಅಪ್ಪ ಜೋರಾಗಿ ನಕ್ಕ.

ಅದಕ್ಕೆ ಬೇರೆ ಹೆಸರು ಇಡಲಿಲ್ಲ. ಮರಿ ಎಂದೇ ಕರೆದೆವು, ದೊಡ್ಡದಾದ ಮೇಲೂ ಮರಿಯೇ. ಹಿಂಜಿ ಹಾಕಿದ ಅರಳೆಯ ರಾಶಿಯಲ್ಲಿ ಗುಣಿ ಮಾಡಿಕೊಂಡು ಮಲಗುತ್ತಿತ್ತು. ಬಿಲ್ಲಿನ ಸದ್ದಿಗೆ ಬೇರೆ ಮೊಲವಾಗಿದ್ದರೆ ಎದೆ ಒಡೆದು ಸಾಯುತ್ತಿತ್ತು. ಇದು ಆ ಸದ್ದು ನಿಂತರೆ ಎದ್ದು ಕೂರುತ್ತಿತ್ತು. ಒಂದು ಸಲ ಬಿಲ್ಲಿನ ಹುರಿಯನ್ನೇ ಕಡಿದು ಹಾಕಿ ಅಪ್ಪನಿಗೆ ಒಂದು ದಿನದ ಕೆಲಸ ಕೆಡಿಸಿತು. ನಾನು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಲೊಟ್ ಎನ್ನಿಸಿದರೆ ಎಲ್ಲಿದ್ದರೂ ನನ್ನ ಕಾಲ ಹತ್ತಿರ ಬಂದು ಮುಂಗಾಲೆತ್ತಿ ನಿಲ್ಲುತ್ತಿತ್ತು. ಅಮ್ಮ ಕರೆದರೆ ಬರುತ್ತಿರಲಿಲ್ಲ, ಅಪ್ಪ ಕರೆದರೂ ಬರುತ್ತಿರಲಿಲ್ಲ. ಇದರ ಬಗ್ಗೆ ನನಗೆ ಕೊಬ್ಬು ಬಹಳ ಇತ್ತು. ನೆರೆಯವರು ಬಂದಾಗಲೆಲ್ಲ ಕರೆದು ತೋರಿಸುತ್ತಿದ್ದೆ. ಅವರು "ಯಾವಾಗ ಕುಯ್ತೀರವ್ವಾ, ನಮಗೊಂದು ತುಂಡು ಕಳಸ್ರಿ" ಎಂದು ರೇಗಿಸಿದರೆ ಅತ್ತುಬಿಡುತ್ತಿದ್ದೆ.

ಇನ್ನು ಸಂಕ್ರಾಂತಿಯ ವಿಷಯ ಹೇಳಬೇಕು. ನಮ್ಮ ಕಡೆ ಕೆಲವು ಊರುಗಳಲ್ಲಿ ಆ ಹಬ್ಬಕ್ಕೆ ಮೊಲ ಬಿಡುವ ಪದ್ಧತಿ ಇತ್ತು. ಹಬ್ಬದ ಹಿಂದಿನ ದಿನಗಳಲ್ಲಿ ಗಂಡಸರು ಅಡವಿಯಲ್ಲಿ ಬಲೆ ಕಟ್ಟಿ ಒಂದು ಮೊಲವನ್ನು ಜೀವಂತ ಹಿಡಿದು ತರುತ್ತಿದ್ದರು. ಊರಮ್ಮನ ಗುಡಿಯ ಮುಂದೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಿವಿ ಚುಚ್ಚಿ ಒಂದು ಸಣ್ಣ ಬೆಳ್ಳಿ ಮುರು ಹಾಕಿ, ವಾದ್ಯದೊಂದಿಗೆ ಮೆರೆಸಿ ಊರ ಗಡಿಯಲ್ಲಿ ಬಿಡುವುದು. ಬಿಟ್ಟ ಮೇಲೆ ಅದು ಕಣ್ಣಿಗೆ ಮರೆಯಾಗುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ, ಕಾಲು ಕದಲಿಸುವಂತಿಲ್ಲ. ಅದು ನೆಟ್ಟಗೆ ಅಡವಿ ಸೇರಿದರೆ ಊರಿಗೆ ಒಳ್ಳೆಯ ವರ್ಷ. ಕಿವಿಯಲ್ಲಿ ಮುರು ಇದ್ದ ಮೊಲವನ್ನು ಆಮೇಲೆ ಯಾವ ಬೇಟೆಗಾರನೂ ಮುಟ್ಟುತ್ತಿರಲಿಲ್ಲ. ಅದು ದೇವರ ಮೊಲ.

ಬಲೆ ಕಟ್ಟುವುದರಲ್ಲಿ ಊರಿಗೆಲ್ಲ ಹೆಸರಾದವನು ಒಬ್ಬ ಮುದುಕ. ನಾವು ಹುಡುಗರು ಅವನನ್ನು ಬಲೆ ಅಜ್ಜ ಎನ್ನುತ್ತಿದ್ದೆವು. ಹೆಂಡತಿ ಮಕ್ಕಳು ಯಾರೂ ಉಳಿದಿರಲಿಲ್ಲ. ಒಂದು ಕೆಂದ ಬಣ್ಣದ ಹೆಣ್ಣುನಾಯಿ ಸಾಕಿದ್ದ. ತಾನುಣ್ಣುವ ಮುದ್ದೆಯಲ್ಲಿ ಅರ್ಧ ಮುರಿದು ಅದಕ್ಕೆ ಹಾಕದೆ ಉಣ್ಣುತ್ತಿರಲಿಲ್ಲ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು.

ಆ ವರ್ಷ ಮೊಲ ಸಿಗಲಿಲ್ಲ. ಎರಡು ದಿನ ಬಲೆ ಬರಿದೇ ಬಂತು. ಮೂರನೆಯ ದಿನ ಬಿದ್ದದ್ದೊಂದು ಗಾಬರಿಗೆ ಬಲೆಯಲ್ಲೇ ಸತ್ತಿತು. ಹಬ್ಬದ ದಿನ ಬೆಳಗ್ಗೆ ಊರ ಗೌಡರು, ಪೂಜಾರಿ, ಹಿಂದೆ ಹತ್ತಾರು ಜನ ನಮ್ಮ ಮನೆ ಮುಂದೆ ಬಂದು ನಿಂತರು. ಗೌಡರು ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಅಪ್ಪ ಗಡಿಬಿಡಿಯಲ್ಲಿ ಮೈಮೇಲಿನ ಅರಳೆ ಕೊಡವಿಕೊಂಡು ಕೈಮುಗಿದು ನಿಂತ.

"ಏನಪ್ಪಾ, ನಿನ್ನ ಮನೆಯಾಗೆ ಒಂದು ಮೊಲ ಐತಂತಲ್ಲ. ಊರಮ್ಮನ ಹೆಸರಿಗೆ ಕೊಟ್ಟುಬಿಡು. ಊರ ಮಾನ ಉಳಿತೈತೆ" ಎಂದರು ಗೌಡರು.

ಗುಂಪಿನಲ್ಲಿದ್ದ ಬಲೆ ಅಜ್ಜ ಒಬ್ಬನೇ ಅಡ್ಡ ಮಾತಾಡಿದ. "ಅದು ಮನೆ ಮೊಲ ಕಣ್ರಿ ಗೌಡ್ರೆ. ಅಡವಿ ಅಂದ್ರೆ ಏನು ಅಂತ ಅದಕ್ಕೆ ಗೊತ್ತಿಲ್ಲ. ಮನುಷ್ಯರನ್ನ ಕಂಡ್ರೆ ಓಡಾಕೇ ಬರಾಕಿಲ್ಲ ಅದಕ್ಕೆ. ಬಿಡಬ್ಯಾಡ್ರಿ."

"ಹುಟ್ಟಿದ್ದು ಅಡವ್ಯಾಗೆ ತಾನೇ? ಬಿಟ್ರೆ ತಾನೇ ಓಡತೈತೆ. ನಿನ್ನ ಬಲೆಗೆ ಮೊಲ ಬೀಳಲಿಲ್ಲ ಅನ್ನೋ ಹೊಟ್ಟೆಕಿಚ್ಚಿಗೆ ಮಾತಾಡಬ್ಯಾಡ" ಎಂದು ಪೂಜಾರಿ ಅವನ ಬಾಯಿ ಮುಚ್ಚಿಸಿದ. ಜನ ನಕ್ಕರು.

ಅಪ್ಪ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆ ಇತ್ತು. ನಮ್ಮ ಮನೆಯದೊಂದು ಊರಮ್ಮನ ಮುಂದೆ ಮೆರೆಯುವುದು ಅವನಿಗೆ ಸಣ್ಣ ವಿಷಯವಾಗಿರಲಿಲ್ಲ. ಗೌಡರು ದೊಡ್ಡ ಮನುಷ್ಯರು, ನನ್ನನ್ನೂ ಒಂದು ಮಾತು ಕೇಳಿದರು: "ಏನವ್ವಾ, ಕೊಡ್ತೀಯಾ?"

ಬೇಡ ಎನ್ನಬಹುದಿತ್ತು. ಅತ್ತು ರಂಪ ಮಾಡಿದ್ದರೆ ಗೌಡರು ಹಿಂದಕ್ಕೆ ಹೋಗುತ್ತಿದ್ದರೋ ಏನೋ. ಆದರೆ ಗುಂಪಿನ ಹಿಂದೆ ನನ್ನ ಓರಗೆಯ ಹುಡುಗಿಯರು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಹ್ಞೂಂ ಎಂದೆ. ಮೊಲವನ್ನು ಮೆರೆಸುತ್ತಾರೆ ಎಂಬುದಷ್ಟೇ ತಲೆಯಲ್ಲಿತ್ತು, ಬಿಡುತ್ತಾರೆ ಎಂಬುದು ತಲೆಗೆ ಇಳಿದಿರಲಿಲ್ಲ.

ಗುಡಿಯ ಮುಂದೆ ಕಿವಿ ಚುಚ್ಚುವಾಗ ಅದು ಮಗುವಿನ ಹಾಗೆ ಕಿರುಚಿತು. ಮೊಲ ಕಿರುಚುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ಪೂಜಾರಿಯ ಕೈಯಲ್ಲಿ ನಿಲ್ಲದೆ ಒದೆಯತೊಡಗಿದಾಗ ಗೌಡರು ಅದನ್ನು ನನ್ನ ಕೈಗೆ ಕೊಡಿಸಿದರು. ನಾನು ಎದೆಗೆ ಒತ್ತಿಕೊಂಡೆ, ಸುಮ್ಮನಾಯಿತು. ಹೀಗೆ ಆ ವರ್ಷ ದೇವರ ಮೊಲವನ್ನು ಗಡಿಯವರೆಗೆ ಹೊತ್ತವಳು ಪಿಂಜಾರರ ಹುಡುಗಿ. ಮುಂದೆ ಡೊಳ್ಳು, ಹಿಂದೆ ಊರು. ನನ್ನ ಲಂಗದ ಮೇಲೆ ಎರಡು ಹನಿ ರಕ್ತ ಬಿದ್ದಿತ್ತು. ಅದನ್ನು ಕೈಯಲ್ಲಿ ಮರೆಮಾಡಿಕೊಂಡು, ತಲೆ ಎತ್ತಿಕೊಂಡು ನಡೆದೆ.

ಗಡಿಯಲ್ಲಿ ಡೊಳ್ಳು ನಿಂತಿತು. ಪೂಜಾರಿ ಮೊಲವನ್ನು ನನ್ನಿಂದ ಕಿತ್ತುಕೊಂಡು ನೆಲಕ್ಕೆ ಬಿಟ್ಟ. ಅದು ಒಂದು ಗಳಿಗೆ ಹಾಗೇ ಕೂತಿತು. ಪೂಜಾರಿ ನೆಲಕ್ಕೆ ಕಾಲು ಅಪ್ಪಳಿಸಿದ. ಮರಿ ಓಡಿತು. ಅಡವಿಯಲ್ಲಿ ಹುಟ್ಟಿದ್ದು ಸುಳ್ಳಲ್ಲ ಎನ್ನುವ ಹಾಗೆ, ಕಿವಿ ಹಿಂದಕ್ಕೆ ಮಡಚಿಕೊಂಡು ನೆಟ್ಟಗೆ ತಂಗಡಿ ಗಿಡಗಳ ಕಡೆಗೆ ಓಡಿತು. ಯಾರೂ ಉಸಿರೆತ್ತಲಿಲ್ಲ. ಗೌಡರ ಮುಖ ಅರಳಿದ್ದು ನನಗೆ ಪಕ್ಕದಿಂದ ಕಾಣುತ್ತಿತ್ತು. ಗಿಡ ಇನ್ನು ಹತ್ತು ಮಾರು ದೂರವಿತ್ತು. ಇನ್ನೊಂದು ಕ್ಷಣಕ್ಕೆ ಅದು ಮರೆಯಾಗುತ್ತದೆ, ಆಮೇಲೆ ಎಂದೂ ನನಗೆ ಸಿಗುವುದಿಲ್ಲ ಎನ್ನುವುದು ಆಗ, ಆ ಗಳಿಗೆಯಲ್ಲಿ, ನನಗೆ ಹೊಳೆಯಿತು.

ನಾನು ಲೊಟ್ ಎನ್ನಿಸಿದೆ.

ಬಹಳ ಮೆಲ್ಲಗೆ. ಪಕ್ಕದಲ್ಲಿದ್ದ ಅಪ್ಪನಿಗೂ ಕೇಳಿಸಲಿಲ್ಲ. ಕೇಳಿಸಿದ್ದರೆ ಅವನ ಕೈ ನನ್ನ ಹೆಗಲ ಮೇಲೆ ಹಾಗೆ ಹಗುರವಾಗಿ ಇರುತ್ತಿರಲಿಲ್ಲ. ಆದರೆ ಮೊಲದ ಕಿವಿಗೆ ಕೇಳಿಸಿತು. ನಿಂತಿತು. ಮುಂಗಾಲೆತ್ತಿ, ಮುರು ಹಾಕಿದ ಕಿವಿ ಹೊರಳಿಸಿ ನೋಡಿತು. ಆಮೇಲೆ ತಿರುಗಿ ನಮ್ಮ ಕಡೆಗೆ, ನನ್ನ ಕಡೆಗೆ, ಓಡಿ ಬಂತು.

ಬಿಟ್ಟ ಮೊಲ ತಿರುಗಿ ಬರುವುದು ಊರಿಗೆ ಕೇಡು. ಜನ ಹೋ ಎಂದು ಬೊಬ್ಬೆ ಹಾಕಿದರು. ಡೊಳ್ಳಿನವರು ಹೆದರಿಸಿ ಓಡಿಸಲೆಂದು ಡೊಳ್ಳು ಬಾರಿಸಿದರು. ಟೊಂಯ್ ಟೊಂಯ್ ಸದ್ದಿನಲ್ಲಿ ಬೆಳೆದ ಮೊಲ ಡೊಳ್ಳಿಗೆ ಹೆದರೀತೆ? ಬರುತ್ತಲೇ ಇತ್ತು. ಬಲೆ ಅಜ್ಜ ಬೆಳಗಿನ ಜಾವದವರೆಗೆ ಅಡವಿಯಲ್ಲಿದ್ದು ಅಲ್ಲಿಂದ ಸೀದಾ ಗೌಡರ ಗುಂಪನ್ನು ಸೇರಿಕೊಂಡವನು, ನಾಯಿಯನ್ನು ಮನೆಯಲ್ಲಿ ಬಿಟ್ಟು ಬರಲು ಹೊತ್ತಿರಲಿಲ್ಲವೆಂದು ಆಚೆ ಒಂದು ಜಾಲಿ ಮರಕ್ಕೆ ಕಟ್ಟಿದ್ದ. ಅಷ್ಟು ಹೊತ್ತೂ ಮಲಗಿದ್ದ ನಾಯಿ ಈ ಬೊಬ್ಬೆಗೆ ಎದ್ದು, ಹಗ್ಗ ಹರಿದುಕೊಂಡು ಬಂತು. ಅದು ತನ್ನ ಕೆಲಸವನ್ನು ಮಾಡಿತು. ನನಗೂ ಮರಿಗೂ ನಡುವೆ ಐದಾರು ಮಾರು ಉಳಿದಿತ್ತು. ನಾಯಿ ಬಾಯಲ್ಲಿ ಹಿಡಿದು ಒಂದೇ ಸಲ ಕೊಡವಿತು. ಬೆಳಗ್ಗೆ ಕೇಳಿದ ಆ ಕಿರುಚು ಇನ್ನೊಂದು ಸಲ ಕೇಳಿಸಿತು, ಅರ್ಧ ಮಾತ್ರ.

ದೇಹವನ್ನು ನನಗೆ ಕೊಡಲಿಲ್ಲ. ಅದು ಆಗಲೇ ನನ್ನದಾಗಿರಲಿಲ್ಲ, ಊರಮ್ಮನದಾಗಿತ್ತು. ಹಳದಿ ಬಟ್ಟೆ ಸುತ್ತಿ, ಹಾಲು ತುಪ್ಪ ಬಿಟ್ಟು, ಕಿವಿಯ ಮುರು ಸಮೇತ ಗಡಿಯಲ್ಲೇ ಹೂತರು. ಅಪ್ಪ ನನ್ನನ್ನು ಎತ್ತಿಕೊಂಡು ಮನೆಗೆ ತಂದ. ಹತ್ತು ವರ್ಷದವಳನ್ನು ಎತ್ತಿಕೊಂಡು ಅಷ್ಟು ದೂರ ನಡೆದದ್ದಕ್ಕೆ ಅವನಿಗೆ ಮೇಲುಸಿರು ಬರುತ್ತಿತ್ತು. "ನಾನು ಇಲ್ಲ ಅನ್ನಬೇಕಾಗಿತ್ತು ಮಗಾ, ನಾನು ಇಲ್ಲ ಅನ್ನಬೇಕಾಗಿತ್ತು" ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ನಾನು ಅವನ ಹೆಗಲಿಗೆ ಮುಖ ಒತ್ತಿಕೊಂಡಿದ್ದೆ.

ಮಧ್ಯಾಹ್ನ ಗುಡಿ ಮುಂದೆ ಪಂಚಾಯ್ತಿ ಸೇರಿತು. ಮನೆ ಮೊಲವನ್ನು ದೇವರಿಗೆ ಬಿಟ್ಟದ್ದೇ ತಪ್ಪು ಎಂದು ಗೌಡರೂ ಹೇಳಲಿಲ್ಲ, ಪೂಜಾರಿಯೂ ಹೇಳಲಿಲ್ಲ. ದೊಡ್ಡವರ ತಪ್ಪಿಗೆ ಪಂಚಾಯ್ತಿ ಸೇರಿದ್ದನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ದೇವರ ಮೊಲ ಕೊಂದ ನಾಯಿ ಊರಲ್ಲಿ ಇರಬಾರದು, ಸಾಕಿದವನ ಕೈಯಿಂದಲೇ ಗಡಿಯಲ್ಲಿ ಅದರ ಲೆಕ್ಕ ಮುಗಿಯಬೇಕು ಎಂದಾಯಿತು. ಬಲೆ ಅಜ್ಜ ಎದುರಾಡಲಿಲ್ಲವಂತೆ. ಬೆಳಗ್ಗೆ ಆಡಿದ ಮಾತನ್ನು ನೆನಪಿಸಲೂ ಇಲ್ಲವಂತೆ.

ಗಡಿಯ ದಾರಿ ನಮ್ಮ ಹಿತ್ತಿಲ ಹಿಂದೆಯೇ ಹಾದುಹೋಗುತ್ತಿತ್ತು. ನಾನು ಹಿತ್ತಿಲಲ್ಲಿ ನಿಂತಿದ್ದೆ. ಅಜ್ಜ ಬಂದ. ಹೆಗಲ ಮೇಲೆ ಕೊಡಲಿ. ಕೈಯಲ್ಲಿ ಹಗ್ಗ, ಬೆಳಗ್ಗೆ ಹರಿದಿದ್ದನ್ನು ಗಂಟು ಹಾಕಿದ್ದ. ನಾಯಿ ಬಾಲ ಆಡಿಸಿಕೊಂಡು ಅವನಿಗಿಂತ ಮುಂದೆ ಮುಂದೆ ಹೋಗುತ್ತಿತ್ತು. ಬೇಟೆಗೆ ಹೊರಟೆವು ಎಂದುಕೊಂಡಿತ್ತು. ಅಜ್ಜ ಒಮ್ಮೆ ನಿಂತು ಬಗ್ಗಿ, ಅದರ ಪಾದದಲ್ಲಿ ಹೊಕ್ಕಿದ್ದ ಮುಳ್ಳನ್ನು ಕಿತ್ತು ಎಸೆದ. ಆಮೇಲೆ ಮತ್ತೆ ನಡೆದ.

ನಾನೇ ಕರೆದದ್ದು ಎಂದು ಆಗ ಒಂದು ಮಾತು ಕೂಗಿ ಹೇಳಿದ್ದರೆ ಸಾಕಿತ್ತು. ನಾಯಿ ಉಳಿಯುತ್ತಿತ್ತೋ ಇಲ್ಲವೋ, ಹೇಳಿದಂತಾದರೂ ಆಗುತ್ತಿತ್ತು. ಪಿಂಜಾರರ ಹುಡುಗಿ ದೇವರ ಮೊಲವನ್ನು ವಾಪಸು ಕರೆದಳು ಎಂದು ತಿಳಿದರೆ ಅಪ್ಪನನ್ನು ಊರಲ್ಲಿ ಯಾರು ಕೆಲಸಕ್ಕೆ ಕರೆಯುತ್ತಾರೆ ಎಂದು ಹೆದರಿ ಸುಮ್ಮನಿದ್ದೆ, ಎಂದು ಇಲ್ಲಿ ಬರೆಯಬಹುದು. ಬರೆದರೆ ಚೆನ್ನಾಗಿರುತ್ತದೆ, ಓದಿದವರು ತಲೆದೂಗುತ್ತಾರೆ. ಆದರೆ ಅಷ್ಟೆಲ್ಲ ಆಗ ನನಗೆ ತೋಚಿರಲಿಲ್ಲ. ನನ್ನ ಮರಿ ಸತ್ತಿದೆ, ಆ ನಾಯಿಯೂ ಸಾಯಲಿ ಅನ್ನಿಸಿತ್ತು. ಅಷ್ಟೇ. ಕಣ್ಣಿಗೆ ಮರೆಯಾಗುವವರೆಗೆ ನೋಡಿದೆ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಕೇಳಿದರೆ, ಕಳೆಯಲೇ ಇಲ್ಲ. ಅರಳೆಯ ರಾಶಿಯಲ್ಲಿ ಮರಿ ಮಲಗುತ್ತಿದ್ದ ಗುಣಿ ಹಾಗೇ ಇತ್ತು. ಅಮ್ಮ ಅದರ ಹತ್ತಿರ ಹೋಗುತ್ತಿರಲಿಲ್ಲ. ಎರಡು ದಿನ ಅಪ್ಪನೂ ಮುಟ್ಟಲಿಲ್ಲ. ಮೂರನೆಯ ದಿನ, ಯಾರದೋ ಮದುವೆಯ ಗಾದಿ ಕೊಡುವುದಿದೆ ಎಂದು ಅದನ್ನು ಎಳೆದು ಹಿಂಜಿದ. ಬೂದುಗಂದು ಕೂದಲು ಅರಳೆಯ ಜೊತೆ ಹಾರಿ ಮನೆಯೆಲ್ಲ ತುಂಬಿತು. ಅಪ್ಪ ಹಿಂಜುವುದನ್ನು ನಿಲ್ಲಿಸಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಲೇ ಹೊಡೆಯುತ್ತಿದ್ದ. ಯಾವ ದಂಪತಿಯೋ ಆ ಗಾದಿಯ ಮೇಲೆ ಎಷ್ಟು ವರ್ಷ ಮಲಗಿದರೋ.

ನನಗೆ ಜ್ವರ ಬಂತು. ಗಾಬರಿಯ ಜ್ವರ ಎಂದರು. ಅಮ್ಮ ಎಲ್ಲಿಂದಲೋ ಮಂತ್ರಿಸಿದ ತಾಯತ ತಂದು ಕಟ್ಟಿದಳು. ಓರಗೆಯ ಹುಡುಗಿಯರು ದಿನಾ ಬಂದು ಹಾಸಿಗೆಯ ಪಕ್ಕ ಕೂತು ಹೋಗುತ್ತಿದ್ದರು. ಮೊಲ ಕೊಟ್ಟವಳ ದುಃಖ ಊರಿನ ದುಃಖವಾಗಿತ್ತು. ಗೌಡರ ಮನೆಯಿಂದ ಎಳ್ಳುಬೆಲ್ಲ ಬಂತು, ಹಾಲು ಬಂತು. ಎಲ್ಲರೂ ನಾಯಿಯನ್ನು ಬೈದರು, ಬಲೆ ಅಜ್ಜನನ್ನು ಬೈದರು. ಮೊದಮೊದಲು ನಾನೂ ಜೊತೆಗೆ ಬೈದೆ. ಬೈಯುತ್ತಿರುವಷ್ಟು ಹೊತ್ತು ನಾಲಿಗೆಗೆ ಬೇರೆ ಕೆಲಸವಿರುತ್ತಿರಲಿಲ್ಲ. ಅವರು ಎದ್ದು ಹೋದ ಮೇಲೆ, ಹತ್ತು ಮಾರು ದೂರದಲ್ಲಿದ್ದ ತಂಗಡಿ ಗಿಡ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಹತ್ತೇ ಮಾರು.

ಜ್ವರ ಬಿಟ್ಟು ನಾಲ್ಕಾರು ದಿನವಾಗಿತ್ತು. ಒಂದು ಬೆಳಗ್ಗೆ ನಾನು ಅಂಗಳದ ಬಿಸಿಲಲ್ಲಿ ಕೂತಿದ್ದೆ, ಅಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಲೆ ಅಜ್ಜ ಬಂದ. ಮೈ ಇಳಿದುಹೋಗಿತ್ತು. ಕಟ್ಟೆ ಹತ್ತಲಿಲ್ಲ, ಅಂಗಳದಲ್ಲೇ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಬೆರಳಿಂದ ನೆಲ ಕೆರೆಯತೊಡಗಿದ. ಕೊನೆಗೆ ಹೇಳಿದ:

"ನಲವತ್ತು ವರ್ಷ ಮೊಲದ ಹಿಂದೆ ತಿರುಗೀನವ್ವಾ. ಬಿಟ್ಟ ಮೊಲ ತಿರುಗಿ ಬಂದಿದ್ದು ಕಂಡೇ ಇಲ್ಲ. ನಾನು ಮೊದಲು ಹೆದರಿದ್ದೆ, ಮನೆ ಮೊಲ ಓಡಾಕಿಲ್ಲ ಅಂತ. ಆದ್ರೆ ಅದು ಎಷ್ಟು ಚೆಂದ ಓಡ್ತಿತ್ತು! ಯಾಕೆ ನಿಂತು ಹೊಳ್ಳಿ ನೋಡ್ತೋ, ರಾತ್ರಿ ಹಗಲು ಅದೇ ಯೋಚನೆ ಆಗೈತೆ." ಆಮೇಲೆ ತಲೆ ಎತ್ತಿ, ಬೈಯುವ ದನಿಯಲ್ಲಲ್ಲ, ದಾರಿ ಕೇಳುವವನ ದನಿಯಲ್ಲಿ ಕೇಳಿದ: "ನೀನೇನಾರ ಕರೆದ್ಯಾ ತಾಯಿ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಮ್ಮ ಕೇಳಿಸಿಕೊಳ್ಳುತ್ತಿದ್ದಳು.

"ಇಲ್ಲ" ಎಂದೆ.

ಅವನು ತಕ್ಷಣ ನಂಬಿದ. ಮುಖದಲ್ಲಿ ಒಂದಿಷ್ಟೂ ಸಂಶಯ ಉಳಿಯಲಿಲ್ಲ. ಕೇಳಿದ್ದಕ್ಕೆ ತಾನೇ ನಾಚಿಕೊಂಡ ಹಾಗೆ ತಲೆ ಆಡಿಸಿದ. "ಹೌದು ಬಿಡು, ಕೂಸು ನೀನು, ನೀನ್ಯಾಕೆ ಕರೀತೀಯ. ಹಂಗಾದ್ರೆ ಎಲ್ಲಾ ನಂದೇ ತಪ್ಪು. ಹಗ್ಗ ಹಳೇದಾಗಿತ್ತು, ನೋಡಿಕೋಬೇಕಾಗಿತ್ತು." ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. "ನಾಯಿಗೆ ಗೊತ್ತಾಗಲಿಲ್ಲವ್ವಾ, ಅದು ನಿನ್ನ ಮರಿ ಅಂತ. ಮೂಕ ಪ್ರಾಣಿ. ಅದು ಹೋಗೋವಾಗ ನಾನು ಅದಕ್ಕೆ ಮಾತು ಕೊಟ್ಟೀನಿ, ಆ ಕೂಸಿನ ಹತ್ರ ಹೋಗಿ ನಿನ್ನ ಪರವಾಗಿ ಕೇಳಿಕೋತೀನಿ ಅಂತ. ಅದರ ತಪ್ಪು ಹೊಟ್ಟೇಗೆ ಹಾಕ್ಕೋ."

ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು, ಕೈಯಲ್ಲಿ ಹಿಟ್ಟು. ಕಣ್ಣಲ್ಲಿ ನೀರು. ಆಯ್ತು ಎನ್ನು ಎಂದು ನನಗೆ ಸನ್ನೆ ಮಾಡಿದಳು. ಈಗಲಾದರೂ ಬಾಯಿ ಬಿಟ್ಟು ನಿಜ ಹೇಳುವುದಕ್ಕೆ ಎಲ್ಲವೂ ಅಲ್ಲಿತ್ತು: ಬಿಸಿಲಿತ್ತು, ಅಮ್ಮ ಇದ್ದಳು, ಗೌಡರಾಗಲಿ ಪೂಜಾರಿಯಾಗಲಿ ಇರಲಿಲ್ಲ, ಎದುರಿಗೆ ಕೂತಿದ್ದವನು ಊರಿನಲ್ಲೆಲ್ಲ ಮೆತ್ತನೆಯ ಮನುಷ್ಯ.

"ಹೋಗ್ಲಿ ಬಿಡು ಅಜ್ಜ. ಹೊಟ್ಟೇಗೆ ಹಾಕ್ಕಂಡೀನಿ" ಎಂದೆ.

ಅವನು ಎರಡೂ ಕೈಯೆತ್ತಿ ನನಗೆ ಮುಗಿದ. ನಾನು ಬೇಡ ಎನ್ನಲಿಲ್ಲ.